ಇಮೇಜು ಅವರದು, ಮಾನ ಯಾರದು?

ಇಮೇಜು ಅನ್ನುವ ಮಾತಿಗೆ ನಮ್ಮ ಅವ್ವಂದಿರ ಬಾಯಲ್ಲಿ ಪದವಿಲ್ಲ. ಅವರಿಗೆ ಗೊತ್ತಿರುವುದು ಮಾನ. ಮಾನ ಹೋದರೆ ಹೋಯಿತು. ಅದನ್ನು ತಿರುಗಿ ಕಟ್ಟಿಕೊಡುವ ಮೇಸ್ತ್ರಿ ಯಾವ ಊರಲ್ಲೂ ಇಲ್ಲ. ಇಮೇಜು ಹಾಗಲ್ಲ. ಬಿದ್ದರೆ ಎತ್ತಿ ನಿಲ್ಲಿಸಲು ದುಡ್ಡಿದೆ, ಟೀವಿ ಇದೆ, ಸಿನಿಮಾ ಇದೆ, ಜನ ಇದ್ದಾರೆ. ಗಾಳಿಗೆ ಬಿದ್ದ ಕಟೌಟನ್ನು ಬೆಳಗಾಗುವುದರೊಳಗೆ ಹೊಸ ಬೊಂಬು ಕಟ್ಟಿ ನಿಲ್ಲಿಸಿದ ಹಾಗೆ. ನಾವು ಕೇಳಬೇಕಾದ್ದು ಇಷ್ಟೇ: ಬೊಂಬು ಹೊರುವವರು ಯಾರು? ಕಟೌಟು ಬಿದ್ದಾಗ ಅಡಿಯಲ್ಲಿ ಸಿಕ್ಕಿಕೊಂಡವರು ಯಾರು?

ಬನಶಂಕರಿ ಬಸ್ ಸ್ಟ್ಯಾಂಡಿನಿಂದ ಜಯನಗರ ನಾಲ್ಕನೇ ಬ್ಲಾಕಿನವರೆಗೆ ಆಟೋಗಳ ಬೆನ್ನನ್ನು ಓದಿಕೊಂಡು ಹೋದರೆ ಅದೇ ಒಂದು ಪುಸ್ತಕ. ಶಂಕರ್‌ನಾಗ್ ಇದ್ದಾರೆ, ರಾಜಕುಮಾರ್ ಇದ್ದಾರೆ, ಅಂಬೇಡ್ಕರ್ ಇದ್ದಾರೆ. 2024ರಲ್ಲಿ ಈ ಪುಸ್ತಕಕ್ಕೆ ಒಂದು ನಂಬರು ಸೇರಿತು: 6106. ಪರಪ್ಪನ ಅಗ್ರಹಾರದ ಜೈಲಿನಲ್ಲಿ ನಟ ದರ್ಶನ್ ಅವರಿಗೆ ಕೊಟ್ಟ ವಿಚಾರಣಾಧೀನ ಕೈದಿಯ ನಂಬರು ಅದು. ಅಭಿಮಾನಿಗಳು ಅದನ್ನು ಗಾಡಿಗಳ ಮೇಲೆ ಬರೆಸಿಕೊಂಡರು. ಒಬ್ಬರು ಹಸುಗೂಸಿಗೆ ಕೈದಿಯ ಬಿಳಿ ಬಟ್ಟೆ ತೊಡಿಸಿ, ಅದೇ ನಂಬರು ಹಾಕಿ ಫೋಟೋ ತೆಗೆಸಿದರು. ಆ ನಂಬರಿನ ಹೆಸರಲ್ಲಿ ಸಿನಿಮಾ ಮಾಡುತ್ತೇವೆ ಅಂತ ಫಿಲಂ ಚೇಂಬರಿಗೆ ಅರ್ಜಿಯೂ ಹೋಯಿತು. ಚೇಂಬರು ಒಪ್ಪಲಿಲ್ಲ, ಅದು ಬೇರೆ ಮಾತು.

ನಂಬರಿನ ಹಿಂದೆ ಒಂದು ಹೆಣವಿದೆ. 2024ರ ಜೂನ್ 9ರಂದು ಸುಮನಹಳ್ಳಿ ಹತ್ತಿರದ ರಾಜಕಾಲುವೆಯಲ್ಲಿ ಚಿತ್ರದುರ್ಗದ ರೇಣುಕಾಸ್ವಾಮಿಯ ಹೆಣ ಸಿಕ್ಕಿತು. ಔಷಧಿ ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದವನು, ಮನೆಯಲ್ಲಿ ಬಸುರಿ ಹೆಂಡತಿ. ಅವನೂ ದರ್ಶನ್ ಅಭಿಮಾನಿಯೇ. ದರ್ಶನ್ ಅವರಿಗೆ ಹತ್ತಿರದವರಾದ ಪವಿತ್ರಾ ಗೌಡ ಅವರಿಗೆ ಅಸಹ್ಯ ಮೆಸೇಜು ಕಳಿಸಿದನೆಂದು ಅವನನ್ನು ಹೊತ್ತು ತಂದು, ಪಟ್ಟಣಗೆರೆಯ ಶೆಡ್ಡಿನಲ್ಲಿ ಬಡಿದು ಕೊಂದರು ಎಂಬುದು ಪೊಲೀಸರ ಆರೋಪ. ಆರೋಪಿಗಳು 17 ಮಂದಿ. 2025ರ ನವೆಂಬರಿನಲ್ಲಿ ಕೋರ್ಟು ಆರೋಪ ಓದಿದಾಗ ಎಲ್ಲರೂ ಅಲ್ಲಗಳೆದರು. ಕೊಂದವರು ಯಾರೆಂದು ಕೋರ್ಟು ಹೇಳಲಿ. ನಮ್ಮ ವಿಮರ್ಶೆಯ ವಸ್ತು ಕೊಲೆಯಲ್ಲ, ಕಟೌಟು.

ಈ ಕಟೌಟು ಬಿದ್ದದ್ದು ಇದೇ ಮೊದಲೂ ಅಲ್ಲ. 2011ರ ಸೆಪ್ಟೆಂಬರಿನಲ್ಲಿ ಹೆಂಡತಿ ಕೊಟ್ಟ ಹಲ್ಲೆಯ ದೂರಿನ ಮೇಲೆ ದರ್ಶನ್ ಜೈಲು ಸೇರಿದರು. ಆಗ ಕನ್ನಡ ಚಿತ್ರ ನಿರ್ಮಾಪಕರ ಸಂಘ ಏನು ಮಾಡಿತು? ಈ ಸಂಸಾರ ಕೆಡಲು ಕಾರಣ ಅಂತ ನಟಿ ನಿಖಿತಾ ಅವರಿಗೆ 3 ವರ್ಷ ನಿಷೇಧ ಹಾಕಿತು! ಹೊಡೆತ ತಿಂದೆ ಎಂದವಳು ಒಬ್ಬಳು, ಜೈಲಿಗೆ ಹೋದವನು ಒಬ್ಬ, ದಂಡ ತೆರಬೇಕಾದವಳು ಮೂರನೆಯವಳು. ಎಲ್ಲ ಕಡೆಯಿಂದ ಛೀಮಾರಿ ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ನಿಷೇಧ ವಾಪಸಾಯಿತು. ಆದರೆ ಹಳ್ಳಿ ಪಂಚಾಯ್ತಿಯ ಕಟ್ಟೆಯ ಮೇಲೆ ಕೂತ ಗೌಡರ ನ್ಯಾಯ ಗಾಂಧಿನಗರದ ಆಫೀಸಿನಲ್ಲೂ ಕೂತಿದೆ ಅನ್ನುವುದು ಗೊತ್ತಾಯಿತು. ಗಂಡಸಿನ ಇಮೇಜು ಬಿದ್ದರೆ ಮೊದಲು ಒಬ್ಬ ಹೆಂಗಸನ್ನು ಹುಡುಕು, ಅವಳ ಮೇಲೆ ಹೊರಿಸು. ಇದು ಮೊದಲನೆಯ ಬೊಂಬು.

ಎರಡನೆಯದು ಪಾತ್ರ. ದರ್ಶನ್ ಇನ್ನೂ ಜೈಲಿನಲ್ಲಿದ್ದಾಗಲೇ, 2011ರ ಸೆಪ್ಟೆಂಬರ್ 30ರಂದು ‘ಸಾರಥಿ’ ತೆರೆಗೆ ಬಂತು. ಅದರ ನಾಯಕ ಆಟೋ ಓಡಿಸುವವನು. ಚಿತ್ರ ಭರ್ಜರಿಯಾಗಿ ಓಡಿತು. ಒಳಗಿದ್ದವನು ಆರೋಪಿ, ಪರದೆಯ ಮೇಲಿದ್ದವನು ನಮ್ಮ ಬೀದಿಯ ಹುಡುಗ. ಜನ ಶಿಳ್ಳೆ ಹೊಡೆದದ್ದು ಎರಡನೆಯವನಿಗೆ, ಬಿಡುಗಡೆಯಾದದ್ದು ಮೊದಲನೆಯವನ ಇಮೇಜು. ಮರುವರ್ಷ, 2012ರಲ್ಲಿ, ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂತು. ರಾಯಣ್ಣ ಅಂದರೆ ಯಾರು? ಕುರುಬರ ಮನೆಯ ಮಗ, ಕಿತ್ತೂರಿನ ಬಂಟ, ಕಂಪನಿ ಸರಕಾರದ ವಿರುದ್ಧ ಬಡವರನ್ನು ಕಟ್ಟಿಕೊಂಡು ಹೊಡೆದಾಡಿ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದವನು. ಚೆನ್ನಮ್ಮ ಎಂಬ ಹೆಂಗಸಿನ ಮಾತಿಗೆ ಕತ್ತಿ ಹಿಡಿದವನು. ಅಂಥವನ ವೇಷ ತೊಟ್ಟ ಮೇಲೆ ಹೆಂಡತಿಯ ದೂರು ಯಾರಿಗೆ ನೆನಪಿರುತ್ತದೆ? ರಾಜ್ಯ ಸರಕಾರ ಅದೇ ಪಾತ್ರಕ್ಕೆ ಶ್ರೇಷ್ಠ ನಟ ಪ್ರಶಸ್ತಿಯನ್ನೂ ಕೊಟ್ಟಿತು. ನಟನೆ ಚೆನ್ನಾಗಿರಬಹುದು, ನಮ್ಮ ತಕರಾರು ಅದಲ್ಲ. ನೇಣಿಗೇರಿದವನ ಪುಣ್ಯ ಬದುಕಿರುವವನ ಖಾತೆಗೆ ಜಮಾ ಆದದ್ದು ನಮ್ಮ ತಕರಾರು.

ಮೂರನೆಯ ಬೊಂಬು ಸರಕಾರದ್ದು. 2021ರಲ್ಲಿ ಕೃಷಿ ಇಲಾಖೆ ಇವರನ್ನು ರಾಯಭಾರಿ ಮಾಡಿಕೊಂಡಿತು. ಸಂಭಾವನೆ ಇಲ್ಲದೆ ಒಪ್ಪಿಕೊಂಡರು ಅಂತ ಹೊಗಳಿದರು. ಅದೇ ವರ್ಷ ಮೃಗಾಲಯದ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಿ ಎಂದು ಇವರು ಕರೆಕೊಟ್ಟಾಗ ಜನ ಧಾರಾಳವಾಗಿ ಕೊಟ್ಟರು. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ ಹುಲಿ, ಆನೆ ದೂರು ಕೊಡುವುದಿಲ್ಲ, ಸಾಕ್ಷಿ ಹೇಳುವುದಿಲ್ಲ ಅನ್ನುವುದೂ ನಿಜ.

ಈ ವಿದ್ಯೆ ನಮ್ಮ ಊರಿನದಷ್ಟೇ ಅಲ್ಲ. 2002ರ ಸೆಪ್ಟೆಂಬರಿನ ಒಂದು ರಾತ್ರಿ ಮುಂಬಯಿಯ ಬಾಂದ್ರಾದಲ್ಲಿ ಸಲ್ಮಾನ್ ಖಾನ್ ಅವರ ಕಾರು ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳ ಮೇಲೆ ಹರಿಯಿತು. ಒಬ್ಬ ಸತ್ತ. 2007ರಲ್ಲಿ ‘ಬೀಯಿಂಗ್ ಹ್ಯೂಮನ್’ ಎಂಬ ದತ್ತಿಸಂಸ್ಥೆ ಬಂತು; ಮನುಷ್ಯನಾಗಿರುವುದು ಅಂತ ಅರ್ಥ. 2015ರ ಮೇ ತಿಂಗಳಲ್ಲಿ ಸೆಷನ್ಸ್ ಕೋರ್ಟು 5 ವರ್ಷ ಶಿಕ್ಷೆ ಹಾಕಿತು, ಅದೇ ಡಿಸೆಂಬರಿನಲ್ಲಿ ಹೈಕೋರ್ಟು ಬಿಟ್ಟಿತು. ಆ ಹೆಸರಿನ ಅಗ್ಗದ ಟೀಶರ್ಟುಗಳನ್ನು ಜಯನಗರದ ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ಮಾರುವುದನ್ನು ನಾವು ನೋಡಿದ್ದೇವೆ. ಮಾರುವವನು ರಾತ್ರಿ ಮಲಗುವುದೂ ಫುಟ್‌ಪಾತಿನಲ್ಲೇ ಇರಬಹುದು.

ನಾಲ್ಕನೆಯ ಬೊಂಬು ಎಲ್ಲಕ್ಕಿಂತ ಭಾರದ್ದು. ರೇಣುಕಾಸ್ವಾಮಿಯ ಹೆಣ ಸಿಕ್ಕ ಮರುದಿನ ಕೆಲವರು ಠಾಣೆಗೆ ಬಂದು, ದುಡ್ಡಿನ ಜಗಳದಲ್ಲಿ ನಾವೇ ಕೊಂದೆವು ಎಂದು ಶರಣಾದರು. ದೊಡ್ಡ ಹೆಸರು ಹೊರಬರದಿರಲಿ ಅಂತ ಇವರಿಗೆ ಹಣದ ಆಸೆ ತೋರಿಸಲಾಗಿತ್ತು ಎಂಬುದು ಪೊಲೀಸರ ಆರೋಪ. ಈ ಆರೋಪ ನಿಜವಾದರೆ ಅದರ ಅರ್ಥ ಏನು ಸ್ವಾಮಿ? ಗೌಡರ ಬದಲು ಆಳು ಜೈಲಿಗೆ ಹೋಗುತ್ತಿದ್ದ ಹಳೇ ಪದ್ಧತಿಗೆ ಇಮೇಜು ಅಂತ ಹೊಸ ಹೆಸರು ಬಂದಿದೆ ಅಷ್ಟೇ. ಬಂಧನದ ಸುದ್ದಿ ಕೇಳಿ ಚಿತ್ರದುರ್ಗದಲ್ಲಿ ಒಬ್ಬ ಆರೋಪಿಯ ಅಪ್ಪ ಎದೆ ಒಡೆದು ಸತ್ತ. ಅವನ ಇಮೇಜಿನ ಬಗ್ಗೆ ಯಾವ ಟೀವಿಯೂ ಚರ್ಚೆ ಮಾಡಲಿಲ್ಲ. ಅವನಿಗೆ ಇದ್ದದ್ದು ಮಾನ.

ಇನ್ನು ನಮ್ಮ ಹುಡುಗರ ಕತೆ. 2025ರ ಜುಲೈನಲ್ಲಿ ನಟಿ ರಮ್ಯಾ, ಸತ್ತವನ ಮನೆಯವರಿಗೆ ನ್ಯಾಯ ಸಿಗಲಿ ಎಂದರು. ಕೂಡಲೇ ಅವರ ಮೇಲೆ ಅಶ್ಲೀಲ ಮೆಸೇಜುಗಳ ಮಳೆ. ಅವರು 43 ಖಾತೆಗಳ ಮೇಲೆ ದೂರು ಕೊಟ್ಟರು, ಬಂಧನಗಳೂ ಆದವು. ಹೆಂಗಸಿಗೆ ಅಸಹ್ಯ ಮೆಸೇಜು ಕಳಿಸಿದವನಿಗೆ ತಕ್ಕ ಶಾಸ್ತಿಯಾಯಿತು ಅಂತ ಕೊಲೆಯನ್ನೇ ಸಮರ್ಥಿಸಿದ ಗುಂಪಿನವರೇ ಇನ್ನೊಬ್ಬ ಹೆಂಗಸಿಗೆ ಅದೇ ಅಸಹ್ಯ ಬರೆದರು. ರೇಣುಕಾಸ್ವಾಮಿ ಬರೆದದ್ದು ತಪ್ಪು, ಅದಕ್ಕೆ ಕಾನೂನಿತ್ತು. ಆದರೆ ಈ ಗುಂಪಿಗೆ ಹೆಂಗಸಿನ ಮಾನದ ಚಿಂತೆ ಇರಲೇ ಇಲ್ಲ. ಹೆಂಗಸು ಯಾರ ಕಡೆಯವಳು ಅನ್ನುವುದಷ್ಟೇ ಅವರ ಲೆಕ್ಕ.

ನಮ್ಮ ಹುಡುಗರಿಗೆ ಈ ನಟ ಯಾಕೆ ಬೇಕಾದರು ಅನ್ನುವುದನ್ನು ನಾವು ಬಲ್ಲೆವು. ಖಳನಟನ ಮಗನಾದರೂ ಲೈಟ್‌ಬಾಯ್ ಆಗಿ ದುಡಿದು ಬಂದವರು. ‘ಮೆಜೆಸ್ಟಿಕ್’ನಿಂದ ಹಿಡಿದು ಬೀದಿಯ ಮಾತು, ಬೀದಿಯ ಸಿಟ್ಟು ಪರದೆಗೆ ತಂದವರು. ರಾಗಿಗುಡ್ಡದ ಸ್ಲಮ್ಮಿನ ಹುಡುಗನನ್ನು ಜೆ.ಪಿ.ನಗರದ ಮಾಲಿನ ಸೆಕ್ಯೂರಿಟಿಯವನು ಕಣ್ಣಲ್ಲೇ ಅಳೆಯುವಾಗ, ಪರದೆಯ ಮೇಲೆ ಎದೆ ಸೆಟೆಸಿ ನಡೆಯುವವನು ತನ್ನವನೇ ಅನಿಸುವುದು ಸಹಜ. ಆದರೆ ಅದೇ ಹುಡುಗ ಒಂದು ಸಂಜೆ ಅನುಮಾನದ ಮೇಲೆ ಠಾಣೆಗೆ ಹೋಗಿ ಬಂದರೆ? ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಕೇಳುತ್ತಾರೆ. ಬಾಡಿಗೆ ಮನೆಯವರು ಬಾಗಿಲು ಹಾಕುತ್ತಾರೆ. ಡಿಗ್ರಿ ಓದಿದ ಮೊದಲ ತಲೆಮಾರು ನಾವು. ಆ ಫಾರಂ ತುಂಬುವಾಗ ತಪ್ಪು ಮಾಡದೆಯೂ ಕೈ ನಡುಗುತ್ತದೆ. ಅವನ ಕೇಸಿನ ನಂಬರನ್ನು ಯಾರೂ ಆಟೋ ಮೇಲೆ ಬರೆಸುವುದಿಲ್ಲ.

2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಜಾಮೀನು ರದ್ದುಮಾಡಿತು. ಎಷ್ಟೇ ದೊಡ್ಡವನಾದರೂ ಕಾನೂನಿಗಿಂತ ಮೇಲಲ್ಲ ಎಂದಿತು, ಜೈಲಿನಲ್ಲಿ ರಾಜೋಪಚಾರ ಕೂಡದು ಎಂದೂ ಎಚ್ಚರಿಸಿತು. ಅದೇ ದಿನ ಹೊಸಕೆರೆಹಳ್ಳಿಯಲ್ಲಿ ಪೊಲೀಸರು ನಟನನ್ನು ಮತ್ತೆ ಬಂಧಿಸಿದರು. ಡಿಸೆಂಬರ್ 11ರಂದು ‘ದಿ ಡೆವಿಲ್’ ತೆರೆಕಂಡಿತು. ನಾಯಕ ಒಳಗೆ, ಸಿನಿಮಾ ಹೊರಗೆ. 14 ವರ್ಷದ ಹಿಂದಿನ ‘ಸಾರಥಿ’ಯ ಆಟವೇ ಮತ್ತೆ. 2011ರಲ್ಲಿ ದೂರು ಕೊಟ್ಟ ಹೆಂಡತಿಯೇ ಈ ಸಲ ಚಿತ್ರದ ಪ್ರಚಾರಕ್ಕೆ ನಿಂತರು. ಅವರ ಸಂಸಾರ ಅವರದು, ನಾವು ತೀರ್ಪು ಕೊಡುವವರಲ್ಲ. ಆದರೆ ಇಮೇಜು ಎತ್ತುವ ಕೂಲಿ ತಿರುಗಿ ಹೆಂಗಸಿನ ಹೆಗಲಿಗೇ ಬಂತಲ್ಲ, ಅದನ್ನು ನೋಡದೆ ಇರಲಾರೆವು.

ಸಿನಿಮಾ ನೋಡಬೇಡಿ ಅಂತ ನಾವು ಹೇಳುವುದಿಲ್ಲ. ನಟ ನಿರ್ದೋಷಿಯೆಂದು ಕೋರ್ಟು ಹೇಳಿದರೆ ಅದನ್ನೂ ಒಪ್ಪೋಣ. ಆದರೆ ಅಭಿಮಾನ ಅನ್ನುವ ಪದದೊಳಗೆ ಮಾನ ಇದೆ ಗೆಳೆಯರೇ. ಅದು ನಮ್ಮದು, ನಾವು ಕೊಟ್ಟದ್ದು. ಲೆಕ್ಕ ಕೇಳದೆ ಕೊಟ್ಟರೆ ಅದು ಅಭಿಮಾನವಲ್ಲ, ಜೀತ. ಕೈದಿಯ ಬಟ್ಟೆ ತೊಟ್ಟ ಆ ಕೂಸಿನ ಫೋಟೋವನ್ನು ಊರೆಲ್ಲ ನೋಡಿತು. 2024ರ ಅಕ್ಟೋಬರಿನಲ್ಲಿ ರೇಣುಕಾಸ್ವಾಮಿಗೂ ಒಂದು ಮಗು ಹುಟ್ಟಿತು, ಅಪ್ಪ ಸತ್ತು ನಾಲ್ಕು ತಿಂಗಳಾದ ಮೇಲೆ. ಆ ಮಗು ಓದು ಕಲಿತು, ಆಟೋ ಬೆನ್ನಿನ ಮೇಲಿರುವ ನಂಬರು ಏನು ಅಂತ ಕೇಳಿದರೆ ನಾವು ಏನು ಹೇಳುತ್ತೇವೆ? ಈಗಲೇ ಯೋಚಿಸಿಟ್ಟುಕೊಳ್ಳೋಣ.