ಕಥೆ ಗೊತ್ತಿದ್ದೇ ನೋಡಿ

ಪೌರಾಣಿಕ ಚಿತ್ರಕ್ಕೆ ಕೂತು, ‘ಮುಂದೇನಾಗುತ್ತೆ ಅಂತ ಹೇಳಬೇಡಿ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಿರೀಟ ರಟ್ಟಿನದು ಎಂದು ನಗುವವರ ಮೇಲಂತೂ ಇನ್ನೂ ಹೆಚ್ಚು. ಪತ್ತೇದಾರಿ ಚಿತ್ರದಲ್ಲಿ ನಮಗೆ ಗೊತ್ತಿಲ್ಲದಿರುವುದೇ ಸುಖ. ಪೌರಾಣಿಕದಲ್ಲಿ ನಮಗೆಲ್ಲ ಗೊತ್ತು, ತೆರೆಯ ಮೇಲಿರುವವನಿಗೆ ಗೊತ್ತಿಲ್ಲ. ರಸ ಹುಟ್ಟುವುದೇ ಅಲ್ಲಿ.

ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ (1977) ನೋಡಿ. ಯಜ್ಞದ ಕುದುರೆಯ ಬೆನ್ನಿಗೆ ಮಣಿಪುರಕ್ಕೆ ಬಂದ ಅರ್ಜುನ ತನ್ನದೇ ಮಗ ಬಭ್ರುವಾಹನನನ್ನು ಒಪ್ಪುವುದಿಲ್ಲ. ಅವನ ತಾಯಿ ಚಿತ್ರಾಂಗದೆಯ ಶೀಲವನ್ನೇ ಹಳಿಯುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತ ಕೇಳಿ ಬೆಳೆದವರಿಗೆ ಇದೆಲ್ಲ ಬಾಯಿಪಾಠ. ಆದರೆ ಸಿನಿಮಾ ಮಾತ್ರ ಕೊಡಬಲ್ಲದ್ದೊಂದು ಇಲ್ಲಿದೆ: ತಂದೆ, ಮಗ ಇಬ್ಬರೂ ರಾಜ್‌ಕುಮಾರ್. ಬೇರೆ ಚಿತ್ರಗಳಲ್ಲಿ ದ್ವಿಪಾತ್ರವೆಂದರೆ ಅದಲು ಬದಲಿನ ಗಲಿಬಿಲಿ. ಇಲ್ಲಿ ಅದೇ ಸಾಕ್ಷಿ. ತನ್ನದೇ ಮುಖ ಎದುರು ನಿಂತು ನ್ಯಾಯ ಕೇಳುತ್ತಿದ್ದರೂ ಅರ್ಜುನನಿಗೆ ಕಾಣುವುದಿಲ್ಲ, ಇಡೀ ಚಿತ್ರಮಂದಿರಕ್ಕೆ ಕಾಣುತ್ತದೆ!

ಯುದ್ಧಕ್ಕೆ ಮುಂಚಿನ ವಾಗ್ವಾದದ ಹಾಡನ್ನು ಕಣ್ಣಿಗಿಂತ ಕಿವಿಯಿಂದ ನೋಡಬೇಕು. ಟಿ.ಜಿ. ಲಿಂಗಪ್ಪನವರ ಸಂಗೀತ, ಪಿ.ಬಿ. ಶ್ರೀನಿವಾಸ್ ಮತ್ತು ರಾಜ್‌ಕುಮಾರ್ ಕಂಠ. ದ್ರೌಪದಿಯ ಸೀರೆ ಸೆಳೆದಾಗಿನ ಮೌನ, ಬೃಹನ್ನಳೆಯ ಗೆಜ್ಜೆ, ಒಂದೊಂದನ್ನೂ ಎತ್ತಿ ಮಗ ಚುಚ್ಚುತ್ತಾನೆ. ಯುದ್ಧಭೂಮಿಯಲ್ಲಿ ಹಾಡೇಕೆ ಎಂದು ಕೇಳುವವರು ಕಂಪನಿ ನಾಟಕವನ್ನು ಕಂಡವರಲ್ಲ. ಬಾಣಕ್ಕೆ ಮೊದಲು ಮಾತು ತಾಗಬೇಕು ಎನ್ನುವುದು ಆ ರಂಗಭೂಮಿಯ ಕಟ್ಟಳೆ.

ಗೊತ್ತಿರುವ ಕಥೆಯ ಈ ರಸ ನನಗೆ ತಿಳಿದದ್ದು ಟೂರಿಂಗ್ ಟಾಕೀಸಿನ ನೆಲದ ಮೇಲೆ. ಪಕ್ಕದಲ್ಲಿದ್ದ ಹಿರಿಯರು ಊರ ನಾಟಕದಲ್ಲಿ ಅರ್ಜುನನ ವೇಷ ಕಟ್ಟುತ್ತಿದ್ದವರು. ಅರ್ಜುನ ಚಿತ್ರಾಂಗದೆಯನ್ನು ಹಳಿದಾಗ ‘ಬೇಡವೋ, ಬೇಡವೋ’ ಎಂದು ಅತ್ತರು. ತಾವೇ ಎಷ್ಟೋ ಸಲ ಆಡಿದ್ದ ಮಾತದು. ಗೊತ್ತಿದ್ದೂ ತಡೆಯಲಾಗದ ಆ ಸಂಕಟವನ್ನು ಯಾವ ಗ್ರಾಫಿಕ್ಸ್ ತಂದೀತು?

ಉಳಿದ ಪೌರಾಣಿಕಗಳಿಗೂ ಇದೇ ಮಾತು. ‘ಸತ್ಯ ಹರಿಶ್ಚಂದ್ರ’ (1965) ನೋಡುವಾಗ ಸ್ಮಶಾನದ ದೃಶ್ಯ ಬರುವವರೆಗೆ ಎದ್ದು ಹೋಗಬೇಡಿ, ಅಷ್ಟೇ. ‘ಭಕ್ತ ಪ್ರಹ್ಲಾದ’ದಲ್ಲಿ (1983) ಕಂಬ ಹೇಗೆ ಒಡೆಯಿತೆಂದು ಅಳೆಯುತ್ತಾ ಕೂರಬೇಡಿ. ಮಗನಿಗೆ ಶಿಕ್ಷೆ ವಿಧಿಸುವಾಗ ಹಿರಣ್ಯಕಶಿಪುವಿನ ದನಿ ಎಲ್ಲೆಲ್ಲಿ ತಂದೆಯದಾಗುತ್ತದೆ, ಎಲ್ಲೆಲ್ಲಿ ದೊರೆಯದಾಗುತ್ತದೆ ಎಂದು ಕಿವಿಗೊಡಿ.