ಹಾಟ್ ಫೇವರಿಟ್ ಎಲ್ಲಿ ಸೋಲುತ್ತದೆ?

2010ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಕುದುರೆ ಹಬ್ಬಕ್ಕೆ ಹೊರಟವರ ಬಾಯಲ್ಲಿ ಒಂದೇ ಹೆಸರು: ಡನ್‌ಗಿಬ್. ಐರ್ಲೆಂಡಿನ ಫಿಲಿಪ್ ಫೆಂಟನ್ ಲಾಯದ ಈ ಕುದುರೆ ಹಿಂದಿನ ವರ್ಷ ಅದೇ ಅಂಗಳದಲ್ಲಿ ಚಾಂಪಿಯನ್ ಬಂಪರ್ ಓಟವನ್ನು 10 ಲೆಂಗ್ತ್ (ಒಂದು ಲೆಂಗ್ತ್ ಎಂದರೆ ಕುದುರೆಯೊಂದರ ಮೈಯುದ್ದ) ಅಂತರದಲ್ಲಿ ಗೆದ್ದಿತ್ತು. ಬಂಪರ್ ಎಂದರೆ ಮುಂದೆ ಹರ್ಡಲ್ ಹಾರಬೇಕಾದ ಎಳೆಯ ಕುದುರೆಗಳಿಗೆಂದೇ ಇರುವ, ಅಡ್ಡತಡೆಗಳಿಲ್ಲದ ಓಟ. ಆಮೇಲೆ ಆ ಚಳಿಗಾಲದಲ್ಲಿ ಐರ್ಲೆಂಡಿನ ಎರಡು ದೊಡ್ಡ ನೊವಿಸ್ ಹರ್ಡಲ್ ಓಟಗಳನ್ನೂ ಗೆದ್ದುಕೊಂಡು ಬಂದಿತ್ತು. ಹಬ್ಬದ ಮೊದಲ ಓಟವಾದ ಸುಪ್ರೀಂ ನೊವಿಸಸ್ ಹರ್ಡಲ್‌ನಲ್ಲಿ ಬುಕ್ಕಿಗಳು ಅದಕ್ಕೆ ಕೊಟ್ಟ ದರ 4-5. ಐದು ಪೌಂಡ್ ಕಟ್ಟಿದವನಿಗೆ ಗೆದ್ದರೆ ನಾಲ್ಕು ಪೌಂಡ್ ಲಾಭ, ಅಷ್ಟೆ.

ಇದನ್ನು ಸೋಲಿಸುವ ಕುದುರೆ ಇದೆಯೇ? ವಾರಗಟ್ಟಲೆ ಇದೇ ಚರ್ಚೆ ನಡೆಯಿತು. ಒಂದು ಪಕ್ಷ ಡನ್‌ಗಿಬ್‌ನ ವೇಗವನ್ನು ತೋರಿಸಿತು. ಇನ್ನೊಂದು ಪಕ್ಷ ಬೇರೇನನ್ನೂ ಹೇಳದೆ ಅದು ಹಾರುವ ರೀತಿಯ ಕಡೆ ಬೆರಳು ತೋರಿಸಿತು. ಓಟದ ದಿನ ಜಾಕಿ ಬ್ರಯಾನ್ ಓ'ಕಾನಲ್ ಅದನ್ನು ಹಿಂದೆಯೇ ಹಿಡಿದಿಟ್ಟರು. ಕುದುರೆ ಹೊರಸುತ್ತಿನಲ್ಲಿ ಬಂತು, ನಡುವೆ ಹರ್ಡಲ್‌ಗಳಲ್ಲಿ ತಪ್ಪಿತು. ಕೊನೆಯ ಏರಿನಲ್ಲಿ ರಿಚರ್ಡ್ ಜಾನ್ಸನ್ ಸವಾರಿಯ ಮೆನೋರಾ, ಗೆಟ್ ಮಿ ಔಟ್ ಆಫ್ ಹಿಯರ್ ಎಂಬ ಕುದುರೆಯನ್ನು ಬರೀ ತಲೆಯಷ್ಟು ಅಂತರದಲ್ಲಿ ಸೋಲಿಸಿತು. ಡನ್‌ಗಿಬ್ ಮೂರನೆಯದು.

ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್ ಬಲ್ಲವರಿಗೆ ಫೇವರಿಟ್ ಮುಗ್ಗರಿಸುವುದು ಹೊಸದಲ್ಲ. ಕುದುರೆ ಬಾಲಕ್ಕೆ ದುಡ್ಡು ಕಟ್ಟುವುದು ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿಕೊಂಡದ್ದಲ್ಲ. ಆದರೆ ಇಲ್ಲಿ ನಡೆಯುವುದು ಫ್ಲಾಟ್ ರೇಸ್. ಬ್ರಿಟನ್, ಐರ್ಲೆಂಡಿನ ಚಳಿಗಾಲದ ನೊವಿಸ್ ಹರ್ಡಲ್‌ನ ಜಾಯಮಾನವೇ ಬೇರೆ. ಹಿಂದಿನ ಋತುವಿನವರೆಗೆ ಹರ್ಡಲ್ ಓಟವನ್ನೇ ಗೆಲ್ಲದ ಕುದುರೆಗಳಿಗೆ ಮೀಸಲಾದ ವರ್ಗ ಇದು. ಸುಪ್ರೀಂ ಓಟದ ದೂರ ಸುಮಾರು 3.3 ಕಿಲೋಮೀಟರ್, ದಾರಿಯಲ್ಲಿ 8 ಹರ್ಡಲ್. ಹರ್ಡಲ್ ಎಂದರೆ ಕುರಿದೊಡ್ಡಿಗೆ ಕಟ್ಟುವ ಬೇಲಿಯ ವಂಶದ್ದು: ಮರದ ಚೌಕಟ್ಟಿಗೆ ಕಡ್ಡಿ ಹೆಣೆದು, ಮುಂದಕ್ಕೆ ಸ್ವಲ್ಪ ವಾಲಿಸಿ ನೆಲಕ್ಕೆ ನೆಟ್ಟಿರುತ್ತಾರೆ. ಎತ್ತರ ಮೂರೂವರೆ ಅಡಿ. ಗೊರಸು ತಗುಲಿದರೆ ಬಾಗುತ್ತದೆ, ಜೋರಾಗಿ ತಗುಲಿದರೆ ಮಲಗಿಬಿಡುತ್ತದೆ.

ಈ ಬಾಗುವ ಗುಣದಲ್ಲಿಯೇ ಚರ್ಚೆಯ ಬೀಗದ ಕೈ ಇದೆ. ಆರೇಳು ಕುದುರೆಗಳ ನಿಧಾನದ ಓಟದಲ್ಲಿ ಒಂದು ಕುದುರೆ ಪ್ರತಿ ಹರ್ಡಲನ್ನೂ ಒದ್ದುಕೊಂಡು ಹೋದರೂ ದಂಡ ತೆರಬೇಕಾಗಿಲ್ಲ. ಹರ್ಡಲ್ ಬಾಗುತ್ತದೆ, ಅರ್ಧ ಲೆಂಗ್ತ್ ಹೋಗುತ್ತದೆ, ಮುಂದಿನ ನೂರು ಗಜದಲ್ಲಿ ಅದನ್ನು ಗಳಿಸಿಕೊಳ್ಳಬಹುದು. ಗೆಲುವಿನ ಅಂತರ ನೋಡಿದವನಿಗೆ ತಪ್ಪುಗಳು ಕಾಣುವುದೇ ಇಲ್ಲ. ಚೆಲ್ಟನ್‌ಹ್ಯಾಮ್‌ನಲ್ಲಿ ಅದೇ ಕುದುರೆಯ ಸುತ್ತ ಹದಿನೈದು, ಹದಿನೆಂಟು ಕುದುರೆಗಳು ಮೊದಲ ಗಜದಿಂದಲೇ ದೌಡಾಯಿಸುತ್ತವೆ. ಅಲ್ಲಿ ಕಳೆದ ಅರ್ಧ ಲೆಂಗ್ತ್ ಕಳೆದದ್ದೇ. ಎಂಟು ಹರ್ಡಲ್‌ಗೆ ನಾಲ್ಕು ಲೆಂಗ್ತ್ ಸಾಲವಾಗುತ್ತದೆ, ತೀರಿಸಬೇಕಾದದ್ದು ಏರುದಾರಿಯಲ್ಲಿ. ಡನ್‌ಗಿಬ್‌ನ ವಿರುದ್ಧ ವಾದಿಸಿದವರು ಕುದುರೆ ಕೆಟ್ಟದ್ದು ಎನ್ನಲಿಲ್ಲ. ಅದಕ್ಕೆ ಇನ್ನೂ ಯಾರೂ ಕೇಳದ ಪ್ರಶ್ನೆ ಯಾವುದು ಎಂದು ಹೇಳಿದರು. ಎರಡನೆಯ ಸ್ಥಾನದ ಕುದುರೆ ಆ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟುಬಂದಿತ್ತು ಎಂಬುದನ್ನೂ ಗಮನಿಸಬೇಕು. ಫೆಬ್ರವರಿಯಲ್ಲಿ ನ್ಯೂಬರಿಯಲ್ಲಿ, ಪಳಗಿದ ಕುದುರೆಗಳು ಕಿಕ್ಕಿರಿದ ಹ್ಯಾಂಡಿಕ್ಯಾಪ್ ಓಟವನ್ನು ಅದು ಗೆದ್ದಿತ್ತು.

ಫೇವರಿಟ್ ಸೋಲಬಹುದು ಎನ್ನುವವನು ಎಲ್ಲಿ, ಹೇಗೆ, ಯಾರಿಗೆ ಎಂದು ಹೇಳಬೇಕು. ಯಾವ ಕುದುರೆಯಾದರೂ ಸೋಲಬಹುದು ಎಂಬುದು ವಾದವಲ್ಲ, ಜಾಣ ನುಣುಚಿಕೆ. 4-5 ಎಂಬ ದರವೇ ಆ ಮಾತನ್ನು ಆಗಲೇ ಹೇಳಿದೆ: ನೂರಕ್ಕೆ ಸುಮಾರು 55 ಸಲ ಗೆಲುವು, 45 ಸಲ ಸೋಲು. ಬುಕ್ಕಿಯ ಲಾಭಾಂಶ ಕಳೆದರೆ ಗೆಲುವಿನ ಪಾಲು ಇನ್ನೂ ಇಳಿಯುತ್ತದೆ. ಹಾಟ್ ಫೇವರಿಟ್ ಎಂದು ಎಲ್ಲರೂ ಕೂಗುವ ಕುದುರೆ, ಲೆಕ್ಕದಲ್ಲಿ ನೋಡಿದರೆ, ಎರಡರಲ್ಲಿ ಒಂದು ಸಲ ಗೆಲ್ಲುವ ಕುದುರೆ. 7-4, 15-8ರ ಫೇವರಿಟ್ ಆದರಂತೂ ಮೂರರಲ್ಲಿ ಎರಡು ಸಲ ಸೋಲುತ್ತದೆಂದು ಮಾರುಕಟ್ಟೆಯೇ ಒಪ್ಪಿಕೊಂಡಿದೆ. ಅಂಥ ಕುದುರೆ ಸೋತಾಗ ಆಘಾತ ಎಂದು ಬರೆಯುವ ಪತ್ರಿಕೆಗಳು ದರವನ್ನು ಓದಿಲ್ಲ.

2018ರ ಗೆಟಬರ್ಡ್ ಇದಕ್ಕೆ ಒಳ್ಳೆಯ ಸಾಕ್ಷಿ. ವಿಲ್ಲಿ ಮಲ್ಲಿನ್ಸ್ ಲಾಯದ ಕುದುರೆ, ದರ 7-4. ಅದರ ಹರ್ಡಲ್ ಗೆಲುವುಗಳು ಬಂದದ್ದು ಬಲಕ್ಕೆ ತಿರುಗುವ ಟ್ರ್ಯಾಕಿನಲ್ಲಿ; ಚೆಲ್ಟನ್‌ಹ್ಯಾಮ್ ಎಡಕ್ಕೆ ತಿರುಗುತ್ತದೆ. ಈ ಆಕ್ಷೇಪವನ್ನು ಕ್ಷುಲ್ಲಕ ಎಂದು ತಳ್ಳಿಹಾಕಿದವರೇ ಹೆಚ್ಚು. ಕುದುರೆ ಹನ್ನೊಂದನೆಯದಾಗಿ ಬಂತು. ಸೋಲಿಗೆ ಎಡತಿರುವೊಂದೇ ಕಾರಣ ಎಂದು ಸಾಧಿಸುವುದು ಕಷ್ಟ, ಆದರೆ ಕೇಳಬೇಕಾದ ಪ್ರಶ್ನೆ ಅದಾಗಿತ್ತು. ಹಿಂದಿನ ವರ್ಷದ ಮೆಲನ್ ಇನ್ನೂ ವಿಚಿತ್ರ. ಹಬ್ಬಕ್ಕೆ ಮುಂಚೆ ಅದು ಹರ್ಡಲ್ ಓಟ ಓಡಿದ್ದು ಒಂದೇ ಒಂದು ಸಲ. ಆದರೂ 3-1ರ ಫೇವರಿಟ್! ಅಷ್ಟು ಭರವಸೆ ಮೂಡಿದ್ದು ಓಟದಿಂದಲ್ಲ, ಬೆಳಗಿನ ತಾಲೀಮಿನ ಸುದ್ದಿಯಿಂದ. ಅದನ್ನು ಸೋಲಿಸಿದ್ದು 25-1ರ ಲಬೈಕ್ ಎಂಬ ಬೂದು ಕುದುರೆ, ಮೇಲೆ 17 ವರ್ಷದ ಜ್ಯಾಕ್ ಕೆನಡಿ. ಲಬೈಕ್‌ಗೆ ಸಾಮರ್ಥ್ಯದ ಕೊರತೆ ಇರಲಿಲ್ಲ. ಓಟ ಶುರುವಾದಾಗ ಹೆಜ್ಜೆ ಕಿತ್ತಿಡದೆ ನಿಂತುಬಿಡುವ ಚಾಳಿ ಇತ್ತು. ಆ ದಿನ ಅದು ಹೊರಟಿತು.

ಆದರೂ ಫೇವರಿಟ್‌ನ ದೋಷಗಳನ್ನೇ ಹುಡುಕುವ ಚರ್ಚೆಗೂ ಒಂದು ದೊಡ್ಡ ಮಿತಿ ಇದೆ. ಇದನ್ನು ಬಲ್ಲ ಬರಹಗಾರರೂ ಮರೆಯುತ್ತಾರೆ. ಸೋಲಿಸುವವರು ಯಾರಿದ್ದಾರೆ ಎಂದು ಕೇಳಿದಾಗ ನೊವಿಸ್ ಓಟದಲ್ಲಿ ಉತ್ತರ ಸಿಗದಿರುವುದೇ ಸಹಜ. ಉಳಿದ ಕುದುರೆಗಳೂ ಅಷ್ಟೇ ಹೊಸವು. 2011ರಲ್ಲಿ 7-4ರ ಕ್ಯೂ ಕಾರ್ಡ್ ನಾಲ್ಕನೆಯದಾಯಿತು. ಗೆದ್ದದ್ದು ಅಲ್ ಫೆರೋಫ್. ಮೂರನೆಯದಾಗಿ ಬಂದ ಸ್ಪ್ರಿಂಟರ್ ಸಾಕ್ರೆ ಮುಂದೆ ಹರ್ಡಲ್‌ಗಿಂತ ಎತ್ತರದ, ಬಾಗದ ಬೇಲಿಗಳ ಚಾಂಪಿಯನ್ ಚೇಸ್ ಓಟವನ್ನು ಎರಡು ಸಲ ಗೆದ್ದಿತು. 2013ರಲ್ಲಿ ಶಾಂಪೇನ್ ಫೀವರ್‌ಗೆ ಸೋತ ಫೇವರಿಟ್ ಮೈ ಟೆಂಟ್ ಆರ್ ಯುವರ್ಸ್. ಅದರ ಹಿಂದೆ ಮೂರನೆಯದಾಗಿದ್ದ ಜೆಜ್ಕಿ ಮುಂದಿನ ವರ್ಷ ಅದನ್ನೇ ಸೋಲಿಸಿ ಚಾಂಪಿಯನ್ ಹರ್ಡಲ್ ಗೆದ್ದಿತು. 2016ರಲ್ಲಿ ಮಿನ್ ಎಂಬ 15-8ರ ಫೇವರಿಟ್ಟನ್ನು ನಿಕಿ ಹೆಂಡರ್ಸನ್ ಅವರ ಆಲ್ಟಿಯೋರ್ ಏಳು ಲೆಂಗ್ತ್ ಹಿಂದೆ ಬಿಟ್ಟಿತು. ಆಲ್ಟಿಯೋರ್ ಹರ್ಡಲ್ ಮತ್ತು ಚೇಸ್ ಸೇರಿ ಸಾಲಾಗಿ 19 ಓಟ ಗೆದ್ದು 2019ರ ನವೆಂಬರಿನವರೆಗೆ ಸೋಲನ್ನೇ ಕಾಣಲಿಲ್ಲ. ಆ ಓಟದ ಮೂರನೆಯ ಕುದುರೆ ಬುವರ್ ಡೇರ್ ಮುಂದೆ ಎರಡು ಸಲ ಚಾಂಪಿಯನ್ ಹರ್ಡಲರ್! ಮಿನ್ ಕೂಡ ಉತ್ತಮ ಕುದುರೆಯೇ. ಅದರ ಜೊತೆ ಓಡಿದವರು ಯಾರೆಂದು ಲೋಕಕ್ಕೆ ಇನ್ನೂ ತಿಳಿದಿರಲಿಲ್ಲ, ಅಷ್ಟೆ.

ದೂರ ಹೆಚ್ಚಾದಂತೆ ಕತ್ತಲೂ ಹೆಚ್ಚು. ಮೂರು ಮೈಲಿಯ ಆಲ್ಬರ್ಟ್ ಬಾರ್ಟ್ಲೆಟ್ ನೊವಿಸಸ್ ಹರ್ಡಲ್‌ನಲ್ಲಿ 2014ರ ವೆರಿ ವುಡ್, 2018ರ ಕಿಲ್‌ಬ್ರಿಕನ್ ಸ್ಟಾರ್ಮ್, 2024ರ ಸ್ಟೆಲ್ಲರ್ ಸ್ಟೋರಿ ಎಲ್ಲವೂ 33-1. 2019ರ ಮಿನೆಲಾ ಇಂಡೋ 50-1. ಅಷ್ಟು ದೂರವನ್ನು ಅಷ್ಟು ವೇಗದಲ್ಲಿ ಎಳೆಯ ಕುದುರೆಗಳು ಅದಕ್ಕೆ ಮೊದಲು ಓಡಿರುವುದೇ ಅಪರೂಪ. ಅಲ್ಲಿ ಕಡಿಮೆ ದರದ ಫೇವರಿಟ್ ಮೇಲೆ ಅನುಮಾನ ಪಡಲು ವಿಶೇಷ ವಿದ್ವತ್ತು ಬೇಕಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯ. ಎರಡು ಮೈಲಿ ಐದು ಫರ್ಲಾಂಗಿನ ನೊವಿಸ್ ಓಟ ಬೇರೆ ಕತೆ ಹೇಳುತ್ತದೆ. 2018ರಲ್ಲಿ ಸ್ಯಾಮ್‌ಕ್ರೋ 8-11, 2020ರಲ್ಲಿ ಎನ್ವಾಯ್ ಆಲನ್ 4-7, 2022ರಲ್ಲಿ ಸರ್ ಗೆರ್ಹಾರ್ಡ್ 8-11, 2024ರಲ್ಲಿ ಬ್ಯಾಲಿಬರ್ನ್ 1-2. ನಾಲ್ಕೂ ಗೆದ್ದವು. ಸುಪ್ರೀಂನಲ್ಲಿಯೇ 2021ರ ಅಪ್ರಿಷಿಯೇಟ್ ಇಟ್ 24 ಲೆಂಗ್ತ್ ಅಂತರದಲ್ಲಿ ಗೆದ್ದಿತು. ಫೇವರಿಟ್ ವಿರೋಧಿ ಅಂಕಣಗಳು ಈ ಹೆಸರುಗಳನ್ನು ನೆನೆಯುವುದಿಲ್ಲ. ಡನ್‌ಗಿಬ್‌ನ ಸೋಲು ಕತೆಯಾಗಿ ಉಳಿಯುತ್ತದೆ, ಬ್ಯಾಲಿಬರ್ನ್‌ನ ಗೆಲುವು ಫಲಿತಾಂಶದ ಪಟ್ಟಿಯಲ್ಲಿ ಒಂದು ಸಾಲಾಗುತ್ತದೆ. ಬೆಂಬಲಿಸುವವರದ್ದೂ ಇದೇ ಜಾಡು, ಗೆದ್ದವನ್ನಷ್ಟೇ ಎಣಿಸುತ್ತಾರೆ. ಎರಡೂ ಕಡೆಯವರು ತಮಗೆ ಬೇಕಾದ ಮಾರ್ಚ್ ತಿಂಗಳುಗಳನ್ನು ಆರಿಸಿಕೊಂಡರೆ ಚರ್ಚೆ ಎಲ್ಲಿಗೂ ಮುಟ್ಟುವುದಿಲ್ಲ.

ಅದೇ ದೂರದಲ್ಲಿ ಸೋತ ಯಾನ್‌ವರ್ತ್ (2016, ದರ 11-10) ಹೇಳಿಕೊಡುವುದು ಮತ್ತೊಂದನ್ನು. ಯಾರ್ಕ್‌ಹಿಲ್ ಮೇಲೆ ಕೂತ ರೂಬಿ ವಾಲ್ಶ್ ಒಳಗಿನ ಕಂಬಿಗೆ ಅಂಟಿಕೊಂಡು ಬಂದರು. ಬ್ಯಾರಿ ಗೆರಾಟಿ ಯಾನ್‌ವರ್ತನ್ನು ಹೊರಸುತ್ತಿನಲ್ಲಿ ತಂದರು. ಅಂತರ ಎರಡು ಲೆಂಗ್ತ್‌ಗೂ ಕಡಿಮೆ. ಪ್ರತಿ ತಿರುವಿನಲ್ಲಿ ಹೊರಗಿನವನು ಓಡಿದ ಹೆಚ್ಚುವರಿ ನೆಲ ಅದಕ್ಕಿಂತ ಬಹಳ ಕಡಿಮೆಯೇನಲ್ಲ. ಕುದುರೆಯ ಗುಣ, ನೆಲದ ಹದ, ವಂಶಾವಳಿ ಎಂದು ವಾರಗಟ್ಟಲೆ ನಡೆಯುವ ಚರ್ಚೆಯಲ್ಲಿ ಜಾಕಿ ಯಾವ ದಾರಿ ಹಿಡಿಯುತ್ತಾನೆ ಎಂಬ ಮಾತು ಬರುವುದೇ ಕಡಿಮೆ. ಇದು ಇಂಥ ಬರವಣಿಗೆಯ ದೊಡ್ಡ ಲೋಪ.

ಸವಾರರ ಮಾತು ಬಂದಾಗ ಮೈಕಲ್ ಓ'ಸಲಿವನ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. 2023ರ ಸುಪ್ರೀಂನಲ್ಲಿ ಫೇವರಿಟ್ ಆಗಿದ್ದದ್ದು ಫಾಸಿಲ್ ವೇಗಾ, ಚೆಲ್ಟನ್‌ಹ್ಯಾಮ್‌ನಲ್ಲಿ ಆರು ಸಲ ಗೆದ್ದ ಕ್ವಿವೇಗಾ ಎಂಬ ಹೆಣ್ಣು ಕುದುರೆಯ ಮಗ. ಫೆಬ್ರವರಿಯಲ್ಲಿ ಸೋತಿದ್ದರೂ ಹೆಸರಿನ ಬಲ ಅದನ್ನು ಮತ್ತೆ ಮೇಲಕ್ಕೆತ್ತಿತ್ತು. ಸೋಲನ್ನೇ ಕಾಣದ ಮರೀನ್ ನ್ಯಾಷನಾಲ್ ಡಿಸೆಂಬರ್ ಆದಮೇಲೆ ಓಡಿರಲಿಲ್ಲ. ಮೇಲಿದ್ದವರು ಇನ್ನೂ ಹೆಸರಾಗದ ಓ'ಸಲಿವನ್. ಅವರು ಕಾದರು, ಕೊನೆಯ ಹರ್ಡಲ್ ನಂತರ ಫೇವರಿಟ್ಟನ್ನು ದಾಟಿದರು. 2025ರ ಫೆಬ್ರವರಿಯಲ್ಲಿ ಥರ್ಲ್ಸ್ ಟ್ರ್ಯಾಕಿನಲ್ಲಿ ಬಿದ್ದು ಅವರು ತೀರಿಕೊಂಡಾಗ ವಯಸ್ಸು 24. ಮರುತಿಂಗಳು ಮರೀನ್ ನ್ಯಾಷನಾಲ್ ಚಾಂಪಿಯನ್ ಚೇಸ್ ಗೆದ್ದಿತು. ಫೇವರಿಟ್ ಸೋತೀತೇ ಎಂದು ಕಾಗದದ ಮೇಲೆ ಲೆಕ್ಕ ಹಾಕುವ ಪ್ರತಿಯೊಬ್ಬರೂ ಲಗಾಮು ಹಿಡಿದ ಆ ಕೈಗಳಿಗೆ ಋಣಿಗಳು.

2025ರ ಹಬ್ಬ ಈ ಚರ್ಚೆಯ ಎರಡೂ ಮುಖಗಳನ್ನು ನಾಲ್ಕು ದಿನದೊಳಗೆ ತೋರಿಸಿತು. ಮಂಗಳವಾರದ ಸುಪ್ರೀಂನಲ್ಲಿ ಕೊಪೆಕ್ ಡೆ ಬೋರ್ಡ್ ದರ 4-6. ಹರ್ಡಲ್ ಮೇಲೆ ಎರಡೇ ಓಟದ ಅನುಭವ ಎಂಬ ಆಕ್ಷೇಪ ನ್ಯಾಯವಾದದ್ದೇ. ಕುದುರೆ ಗೆದ್ದಿತು, ಆದರೆ ಫೆಬ್ರವರಿಯಲ್ಲಿ ತೋರಿಸಿದ 13 ಲೆಂಗ್ತ್ ಅಂತರ ಇಲ್ಲಿ ಒಂದೂಮುಕ್ಕಾಲಕ್ಕೆ ಇಳಿಯಿತು. ಪ್ರಶ್ನೆ ಎತ್ತಿದವರು ಹಣ ಕಳೆದುಕೊಂಡರೂ ಓದಿದ್ದು ಸುಳ್ಳಾಗಲಿಲ್ಲ.

ಶುಕ್ರವಾರದ್ದು ನಾಲ್ಕು ವರ್ಷದ ಕುದುರೆಗಳ ಟ್ರಯಂಫ್ ಹರ್ಡಲ್. ಹೆಂಡರ್ಸನ್ ಅವರ ಲುಲಾಂಬಾ ಮೇಲೆ ದೊಡ್ಡ ಭರವಸೆಯಿತ್ತು. ಕೊನೆಯ ಏರಿನಲ್ಲಿ ಗೆಲುವು ಅದರದ್ದೇ ಎಂದು ಕಾಣುತ್ತಿದ್ದಾಗ ಜಾಂಜೊ ಓ'ನೀಲ್ ಜೂನಿಯರ್ ಸವಾರಿಯ ಪೊನಿರೋಸ್ ಹಿಂದಿನಿಂದ ನುಗ್ಗಿ ಬಂದು ಕುತ್ತಿಗೆಯಷ್ಟು ಅಂತರದಲ್ಲಿ ಗೆರೆ ದಾಟಿತು. ದರ 100-1. ಎಲ್ಲಿ, ಹೇಗೆ, ಯಾರಿಗೆ ಎಂದು ಎಷ್ಟೇ ಶ್ರದ್ಧೆಯಿಂದ ಕೇಳಿದ್ದರೂ ಈ ಹೆಸರಿನ ಮುಂದೆ ಓದಲು ಏನೂ ಸಿಗುತ್ತಿರಲಿಲ್ಲ. ಅದುವರೆಗೆ ಓಡಿದ್ದೆಲ್ಲ ಫ್ಲಾಟ್ ರೇಸ್. ಓಟದಲ್ಲಿ ಅದು ಹಾರಿದ ಮೊದಲ ಹರ್ಡಲ್ ಆ ಮಧ್ಯಾಹ್ನದ ಮೊದಲ ಹರ್ಡಲ್ಲೇ.