ಸೋಡಾ ಯಂತ್ರ, ಸಿಲಿಂಡರು ಮತ್ತು ಮಾರೇನಹಳ್ಳಿ

ಮನೆಯಲ್ಲೇ ಸೋಡಾ ತಯಾರಿಸುವ ಯಂತ್ರದ ಉದ್ಯಮದಲ್ಲಿ ಲಾಭದ ಮೂಲ ಯಂತ್ರವಲ್ಲ, ಅದರೊಳಗೆ ಕೂರುವ ಸಿಲಿಂಡರು. ಲಂಡನ್ನಿನ ಜಿನ್ ತಯಾರಕ ಮನೆತನದ ಗೈ ಗಿಲ್ಬಿ 1903ರಲ್ಲಿ ರೂಪಿಸಿದ ಸಾಧನದಿಂದ ಬೆಳೆದುಬಂದ ಸೋಡಾಸ್ಟ್ರೀಮ್ ಕಂಪನಿಯು ಯಂತ್ರವನ್ನು ಒಮ್ಮೆ ಮಾರಿ, ಇಂಗಾಲದ ಡೈಆಕ್ಸೈಡ್ ತುಂಬಿದ ಸಿಲಿಂಡರನ್ನೂ ರುಚಿಗೆ ಬೆರೆಸುವ ಸಿರಪ್ಪನ್ನೂ ವರ್ಷಗಟ್ಟಲೆ ಮಾರುವ ಮಾರ್ಗವನ್ನು ಹಿಡಿಯಿತು. 2018ರಲ್ಲಿ ಪೆಪ್ಸಿಕೋ ಆ ಕಂಪನಿಯನ್ನು 320 ಕೋಟಿ ಡಾಲರಿಗೆ ಕೊಂಡದ್ದು ಈ ಮಾರ್ಗಕ್ಕೆ ಸಿಕ್ಕ ದೊಡ್ಡ ಮನ್ನಣೆ. ಆದರೆ ಇದೇ ತಂತ್ರವನ್ನು ಪಶ್ಚಿಮ ಬೆಂಗಳೂರಿನ ಮಾರೇನಹಳ್ಳಿಯಂಥ ಬಡಾವಣೆಗೆ ಅನ್ವಯಿಸಿ ನೋಡಿದರೆ ಅದರ ಬಲಕ್ಕಿಂತ ಬಿರುಕುಗಳೇ ಎದ್ದು ಕಾಣುತ್ತವೆ.

ಯಂತ್ರದ ಕೆಲಸ ಸರಳ. ಸಿಲಿಂಡರಿನಲ್ಲಿ ದ್ರವರೂಪದಲ್ಲಿ ಅಡಗಿರುವ ಅನಿಲವು ಗುಂಡಿ ಒತ್ತಿದಾಗ ಸಣ್ಣ ಕೊಳವೆಯ ಮೂಲಕ ಬಾಟಲಿಯ ನೀರಿಗೆ ನುಗ್ಗುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ಹೆಚ್ಚು ಕರಗುತ್ತದೆ ಎಂಬ ಹೆನ್ರಿ ನಿಯಮವೇ ಇಲ್ಲಿ ಆಧಾರ. ನೀರು ತಣ್ಣಗಿದ್ದರೆ ಕರಗುವಿಕೆ ಇನ್ನೂ ಹೆಚ್ಚುವುದರಿಂದ, 20 ಡಿಗ್ರಿ ಸೆಲ್ಸಿಯಸ್ ನೀರಿಗೆ ಹೋಲಿಸಿದರೆ ಸೊನ್ನೆ ಡಿಗ್ರಿಯ ನೀರು ಸುಮಾರು ಎರಡರಷ್ಟು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರೀ ನೀರಿಗಷ್ಟೇ ಅನಿಲ ತುಂಬಬೇಕು, ರುಚಿಯ ಪದಾರ್ಥವನ್ನು ಆಮೇಲೆ ಸೇರಿಸಬೇಕು ಎಂಬುದು ತಯಾರಕರ ಸಾಮಾನ್ಯ ಸೂಚನೆ. ಮೊದಲೇ ಬೆರೆಸಿದರೆ ನೊರೆ ಉಕ್ಕಿ ಹೊರಚೆಲ್ಲುತ್ತದೆ. ತಳ್ಳುಗಾಡಿಯವನು ಲೋಟದಲ್ಲಿ ನಿಂಬೆರಸ, ಉಪ್ಪು ಹಾಕಿಟ್ಟು, ಗೋಲಿಯನ್ನು ಒಳಕ್ಕೆ ಒತ್ತಿ ಸೋಡಾ ಸುರಿಯುವ ಕ್ರಮದಲ್ಲೂ ಅನಿಲ ತುಂಬುವ ಕೆಲಸ ಮತ್ತು ರುಚಿ ಕೂಡಿಸುವ ಕೆಲಸ ಹೀಗೆಯೇ ಬೇರೆ ಬೇರೆ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಗೋಲಿ ಬಾಟಲಿಯ ಜೊತೆಗೇ ಬೆಳೆದ ಈ ಪದ್ಧತಿಯಿಂದಾಗಿ, ಇಲ್ಲಿನ ಗ್ರಾಹಕನಿಗೆ ಯಂತ್ರದ ಬಳಕೆಯನ್ನು ಹೊಸದಾಗಿ ಕಲಿಸಬೇಕಾದ ಅಗತ್ಯವೇ ಇಲ್ಲ.

ಈ ಮಾರಾಟ ತಂತ್ರದ ದೌರ್ಬಲ್ಯವಿರುವುದು ಸಿಲಿಂಡರನ್ನು ಗ್ರಾಹಕನ ಕೈಕಟ್ಟುವ ಸಾಧನವಾಗಿ ಬಳಸುವುದರಲ್ಲಿ. ಸೋಡಾಸ್ಟ್ರೀಮನ್ನು 1998ರಲ್ಲಿ ಕೊಂಡ ಸೋಡಾ ಕ್ಲಬ್ ಕಂಪನಿಯು ಜರ್ಮನಿಯಲ್ಲಿ ಸಿಲಿಂಡರುಗಳನ್ನು ಮಾರದೆ ಬಾಡಿಗೆಗೆ ಕೊಟ್ಟು, ಅವುಗಳನ್ನು ಬೇರೆಯವರಿಂದ ತುಂಬಿಸಿಕೊಳ್ಳಬಾರದೆಂಬ ಷರತ್ತು ಹಾಕಿತ್ತು. ಇದು ಮಾರುಕಟ್ಟೆಯ ಪ್ರಾಬಲ್ಯದ ದುರುಪಯೋಗವೆಂದು ಅಲ್ಲಿನ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರ 2006ರಲ್ಲಿ ತೀರ್ಮಾನಿಸಿತು. 2008ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆ ತೀರ್ಮಾನವನ್ನು ಎತ್ತಿಹಿಡಿಯಿತು. ಗ್ರಾಹಕನ ಪಾಲಿಗೆ ನ್ಯಾಯವೆನಿಸುವ ತೀರ್ಪು ಇದು. ಕೋಕಾ ಕೋಲಾ ಪಾಲುದಾರಿಕೆಯಿದ್ದ ಕ್ಯೂರಿಗ್ ಕಂಪನಿಯು 2015ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ ಕೋಲ್ಡ್ ಎಂಬ ಯಂತ್ರವಂತೂ ಸಿಲಿಂಡರನ್ನೇ ಕೈಬಿಟ್ಟು, ಒಂದೊಂದು ಲೋಟಕ್ಕೂ ಒಂದೊಂದು ಪೊಟ್ಟಣ ಕೊಳ್ಳುವಂತೆ ಮಾಡಿತು. ಮುನ್ನೂರು ಡಾಲರಿನ ಆಸುಪಾಸಿನಿಂದ ಬೆಲೆ ಆರಂಭವಾಗುತ್ತಿದ್ದ ಆ ಯಂತ್ರವನ್ನು 2016ರಲ್ಲೇ ಹಿಂತೆಗೆದುಕೊಳ್ಳಬೇಕಾಯಿತು. ಅಂಗಡಿಯ ಬಾಟಲಿಗಿಂತ ಅಗ್ಗವೂ ಅಲ್ಲದ, ಸುಲಭವೂ ಅಲ್ಲದ ಪಾನೀಯಕ್ಕಾಗಿ ಅಡುಗೆಮನೆಯ ಜಾಗ ಬಿಟ್ಟುಕೊಡುವವರು ವಿರಳ.

ಮಾರೇನಹಳ್ಳಿಯ ಲೆಕ್ಕವೇ ಬೇರೆ. ಒಂದು ಸಿಲಿಂಡರಿನಿಂದ 60 ಲೀಟರಿನವರೆಗೆ ಸೋಡಾ ಸಿಗುತ್ತದೆಂಬುದು ಸೋಡಾಸ್ಟ್ರೀಮಿನ ಭರವಸೆ. ದಿನಕ್ಕೆ ಒಂದು ಲೀಟರ್ ಕುಡಿಯುವ ಮನೆಗೆ ಅದು ಎರಡು ತಿಂಗಳು ಬಂದೀತು. ನೆಂಟರು ಬಂದಾಗ, ಬೇಸಿಗೆಯ ಸಂಜೆಗಳಲ್ಲಿ ಮಾತ್ರ ಸೋಡಾ ಬೇಕೆನ್ನುವ ಮನೆಯಲ್ಲಿ ಅದೇ ಸಿಲಿಂಡರು ವರ್ಷ ಕಳೆದರೂ ಮುಗಿಯಲಿಕ್ಕಿಲ್ಲ. ಹಾಗಾದಾಗ ಯಂತ್ರವನ್ನು ಕಡಿಮೆ ಲಾಭಕ್ಕೆ ಮಾರಿ ಅನಿಲದಲ್ಲಿ ಹಣ ಗಳಿಸುವ ಯೋಜನೆಯೇ ಕುಸಿಯುತ್ತದೆ. ನಲ್ಲಿಯ ನೀರನ್ನೇ ಸೋಡಾ ಮಾಡಿಕೊಳ್ಳಿ ಎಂಬ ಪಾಶ್ಚಾತ್ಯ ಜಾಹೀರಾತಿನ ಮಾತೂ ಇಲ್ಲಿಗೆ ಹೊಂದದು, ಏಕೆಂದರೆ ಕಾವೇರಿ ನೀರನ್ನು ಕುದಿಸಿಯೋ ಶೋಧಿಸಿಯೋ ಕುಡಿಯುವ, ಅದು ಸಾಲದಾದಾಗ 20 ಲೀಟರಿನ ಕ್ಯಾನ್ ತರಿಸುವ ರೂಢಿ ಈ ನಗರದ್ದು.

ಆದರೆ ಈ ಕ್ಯಾನಿನ ರೂಢಿಯಲ್ಲೇ ತಯಾರಕನಿಗೆ ದಾರಿಯೂ ಇದೆ. ಖಾಲಿ ಕ್ಯಾನ್ ಕೊಟ್ಟು ತುಂಬಿದ್ದನ್ನು ಪಡೆಯುವ ವಿನಿಮಯ ಗಲ್ಲಿಗಲ್ಲಿಗೂ ಹಬ್ಬಿದೆ. ಕ್ಯಾನ್ ತರುವ ಹುಡುಗನ ಗಾಡಿಯಲ್ಲೇ ಸೋಡಾ ಸಿಲಿಂಡರೂ ಬರುವಂತಾದರೆ, ಒಂದೊಂದು ಮನೆಯ ಬಳಕೆ ಕಡಿಮೆಯಿದ್ದರೂ ಒತ್ತೊತ್ತಾಗಿ ಕಟ್ಟಿಕೊಂಡಿರುವ ಮನೆಗಳಿಂದ ಸಾಗಾಟದ ವೆಚ್ಚ ಹಂಚಿಹೋಗುತ್ತದೆ. ಒತ್ತಡದ ಅನಿಲಕ್ಕೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಕಟ್ಟುಪಾಡು ಇರುವುದರಿಂದ ಸಿಲಿಂಡರನ್ನು ಬೀದಿಬದಿಯಲ್ಲಿ ತುಂಬಲಾಗದು, ತುಂಬಲೂಬಾರದು; ಪರವಾನಗಿಯುಳ್ಳ ಘಟಕದಲ್ಲಿ ತುಂಬಿಸಿ, ಬಡಾವಣೆಯಲ್ಲಿ ವಿನಿಮಯವನ್ನಷ್ಟೇ ನಡೆಸಬೇಕು. ಸಿರಪ್ಪಿನ ವಿಷಯದಲ್ಲೂ ಕೋಲಾದ ಅನುಕರಣೆ ವ್ಯರ್ಥ. ಪುತ್ತೂರಿನ ಬಿಂದು ಜೀರಾ ಜೀರಿಗೆಯ ರುಚಿಯನ್ನೇ ನೆಚ್ಚಿಕೊಂಡು ಕೋಲಾಗಳ ನಡುವೆ ಮಾರುಕಟ್ಟೆ ಕಟ್ಟಿಕೊಂಡದ್ದು ಕಣ್ಣೆದುರಿಗಿದೆ. ಪುನರ್ಪುಳಿ, ಸೊಗದೇಬೇರು, ನಿಂಬೆ–ಶುಂಠಿಗಳ ಶರಬತ್ತು ತಯಾರಿಸುವ ಸಣ್ಣ ಗೃಹೋದ್ಯಮಗಳೊಡನೆ ಕೈಜೋಡಿಸುವ ತಯಾರಕನಿಗೆ ರುಚಿಯನ್ನು ಹೊರಗಿನಿಂದ ತರಬೇಕಾಗಿಲ್ಲ.

ಯಾವ ಅಂಗಡಿಯಲ್ಲಾದರೂ ಬದಲಾಯಿಸಿಕೊಳ್ಳಬಹುದಾದ ಸಿಲಿಂಡರು, ದುರಸ್ತಿಗೆ ಹತ್ತಿರದಲ್ಲೇ ಸಿಗುವ ಬಿಡಿಭಾಗ, ಯಂತ್ರದಲ್ಲೇ ನ್ಯಾಯವಾದ ಲಾಭ ಇಟ್ಟುಕೊಂಡ ಬೆಲೆ, ಈ ಮೂರಕ್ಕೂ ಒಪ್ಪದ ಕಂಪನಿ ಮಾರೇನಹಳ್ಳಿಯಲ್ಲಿ ಮೊದಲ ಬೇಸಿಗೆಯಲ್ಲಿ ಯಂತ್ರಗಳನ್ನು ಮಾರಬಹುದು. ಎರಡನೆಯ ಸಿಲಿಂಡರನ್ನು ಮಾರಲಾರದು.